ಬಳಸಿದ ಕಾರಿಗೆ ಬೆಲೆ ಕಟ್ಟುವ ವಿಚಾರ

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಗಳನ್ನು ಕಲಿಸಿ ನಿವೃತ್ತನಾದ ನನ್ನ ಬಳಿಗೆ ಹಳೆಯ ವಿದ್ಯಾರ್ಥಿಗಳು ತರುವ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿವೆ. ಮೊದಲು ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕೆಂದು ಕೇಳುತ್ತಿದ್ದರು. ಕೆಲವು ವರ್ಷಗಳ ನಂತರ ಸಂಬಂಧ ಬಂದಿದೆ, ಹುಡುಗ ಹೇಗೆ ಎಂದು ವಿಚಾರಿಸತೊಡಗಿದರು. ಆಮೇಲೆ ಸೈಟು, ಮನೆ ಸಾಲ. ಈಚೆಗೆ ಹೆಚ್ಚಾಗಿ ಬರುವ ಪ್ರಶ್ನೆ ಇದು: "ಸರ್, ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳಬಹುದೇ? ಎಷ್ಟು ಕೊಡಬಹುದು? ನಂಬಬಹುದೇ?" ಒಂದೊಂದು ಪತ್ರಕ್ಕೂ ಪ್ರತ್ಯೇಕವಾಗಿ ಉತ್ತರಿಸುವ ಬದಲು, ಈ ವರ್ಷ ನಾನು ಹತ್ತಿರದಿಂದ ಕಂಡ ಒಂದು ವ್ಯವಹಾರದ ಆಧಾರದ ಮೇಲೆ ವಿಷಯವನ್ನು ಒಂದೆಡೆ ಬರೆದಿಡುವುದು ಮೇಲೆನ್ನಿಸಿತು.

ವ್ಯವಹಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳದು. ತೀರ್ಥಹಳ್ಳಿ ಸೀಮೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಆಕೆಯ ತಾಯಿಗೆ ಮೂತ್ರಪಿಂಡಗಳೆರಡೂ ಕೈಕೊಟ್ಟು, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಹೃದಯದ ತೊಂದರೆಯೂ ಜೊತೆಗಿರುವುದರಿಂದ ಅದನ್ನು ಶಿವಮೊಗ್ಗದಲ್ಲಿಯೇ ಮಾಡಿಸಬೇಕೆಂಬುದು ವೈದ್ಯರ ಸಲಹೆ. ಹೋಗಲು ಅರವತ್ತು, ಬರಲು ಅರವತ್ತು ಕಿಲೋಮೀಟರು. ಡಯಾಲಿಸಿಸ್ ಮುಗಿಸಿದ ದಿನ ರೋಗಿಗೆ ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಇರುವುದಿಲ್ಲ. ಬಾಡಿಗೆ ಕಾರಿಗೆ ಪ್ರತಿ ಸಲ 2,200 ರೂಪಾಯಿ ತೆರುತ್ತಿದ್ದರು. ವರ್ಷಕ್ಕೆ 104 ಪ್ರಯಾಣ, 2,28,800 ರೂಪಾಯಿ. ಶಿಕ್ಷಕಿಯ ಸಂಬಳ ಮತ್ತು ಒಂದೆಕರೆ ಅಡಿಕೆ ತೋಟದ ಸಂಸಾರಕ್ಕೆ ಇದು ಹೊರಲಾರದ ಹೊರೆ. ಚೀಟಿ ಎತ್ತಿದ ಹಣ, ಅಡಿಕೆ ಮಾರಿದ ಹಣ, ಭವಿಷ್ಯನಿಧಿಯ ಮೇಲಿನ ಸಾಲ, ಎಲ್ಲ ಸೇರಿಸಿ ಏಳು ಲಕ್ಷ ಹೊಂದಿಸಿಕೊಂಡು ಆಕೆ ನನ್ನಲ್ಲಿಗೆ ಬಂದಳು. ಗಂಡ ವಾಹನ ಚಾಲನೆ ಬಲ್ಲವರು. ಆದರೆ ಯಂತ್ರದ ಒಳಗನ್ನು ಬಲ್ಲವರಲ್ಲ.

ಮೊದಲು ನಿರ್ಧರಿಸಬೇಕಾದುದು ಎಂತಹ ಕಾರು ಎಂಬುದನ್ನು. ಆಕೆಯ ತಾಯಿಗೆ ಮಂಡಿನೋವು. ತಗ್ಗಿನ ಕಾರಿನೊಳಗೆ ಬಗ್ಗಿ ಕೂರುವುದು, ಅಲ್ಲಿಂದ ಏಳುವುದು ಎರಡೂ ಕಷ್ಟ. ಎತ್ತರದ ಜೀಪಿನಂತಹ ವಾಹನಕ್ಕೆ ಹತ್ತುವುದು ಇನ್ನೂ ಕಷ್ಟ. ಇವೆರಡರ ನಡುವಿನದು ಈಗ ಎಲ್ಲೆಡೆ ಕಾಣುವ ಸಣ್ಣ ಕ್ರಾಸ್‌ಓವರ್. ನಮ್ಮಲ್ಲಿ ಇದನ್ನು ಕಾಂಪ್ಯಾಕ್ಟ್ ಎಸ್‌ಯುವಿ ಎಂದು ಕರೆಯುತ್ತಾರೆ. ನೋಟಕ್ಕೆ ಜೀಪಿನ ಬಂಧು, ರಚನೆಯಲ್ಲಿ ಕಾರಿನ ಮಗು. ಆಸನ ಸೊಂಟದ ಎತ್ತರಕ್ಕೇ ಇರುವುದರಿಂದ ವೃದ್ಧರು ಕುಳಿತು ಕಾಲನ್ನು ಒಳಕ್ಕೆಳೆದುಕೊಂಡರೆ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಕಿತ್ತುಹೋದ ರಸ್ತೆಗೆ ಹೊಟ್ಟೆ ತಾಗದಷ್ಟು ಎತ್ತರವೂ ಇರುತ್ತದೆ. ಇವುಗಳ ಉದ್ದ ನಾಲ್ಕು ಮೀಟರಿಗಿಂತ ಕೂದಲೆಳೆಯಷ್ಟು ಕಡಿಮೆಯಿರುವುದಕ್ಕೂ ಒಂದು ಕಾರಣವುಂಟು. 2006ರ ಕೇಂದ್ರ ಬಜೆಟ್ಟಿನಲ್ಲಿ, ನಾಲ್ಕು ಮೀಟರ್ ಮೀರದ ಸಣ್ಣ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಲಾಯಿತು. ಪೆಟ್ರೋಲಾದರೆ ಎಂಜಿನ್ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರಬಾರದು. ಅಂದಿನಿಂದ ನಮ್ಮ ದೇಶದ ಕಾರುಗಳ ಬೆನ್ನು ಮೊಟಕಾಯಿತು.

ಪೆಟ್ರೋಲೋ ಡೀಸೆಲೋ ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳಿಗೆ ಹೊಗೆಯ ಮಸಿಯನ್ನು ಹಿಡಿದಿಡುವ ಸೋಸುಕವನ್ನು ಜೋಡಿಸಬೇಕಾಯಿತು. ಅದು ಆಗಾಗ ದೂರದ ಓಟದಲ್ಲಿ ಚೆನ್ನಾಗಿ ಬಿಸಿಯಾಗಿ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳಬೇಕು. ಊರೊಳಗಿನ ಅಲ್ಪ ಓಟದಲ್ಲಿ ಕಟ್ಟಿಕೊಳ್ಳುತ್ತದೆ, ಕೆಟ್ಟರೆ ರಿಪೇರಿಯ ಖರ್ಚು ದೊಡ್ಡದು. ಸರಳವಾದ, ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಕೆಡಬಹುದಾದ ವಸ್ತುಗಳೇ ಕಡಿಮೆ, ಕೆಟ್ಟರೂ ಸಣ್ಣ ಊರಿನ ಗ್ಯಾರೇಜಿನಲ್ಲಿ ಸರಿಪಡಿಸುವ ಜನರಿದ್ದಾರೆ. ಹೀಗೆ ವಿಚಾರ ಮಾಡಿ ನಾವು ಆರಿಸಿದ್ದು ಮಾರುತಿ ವಿಟಾರಾ ಬ್ರೆಝಾದ ಪೆಟ್ರೋಲ್ ಮಾದರಿಯನ್ನು. 2016ರಲ್ಲಿ ಡೀಸೆಲ್ ಎಂಜಿನ್ನಿನೊಂದಿಗೆ ಮಾತ್ರ ಬಂದಿದ್ದ ಈ ಕಾರಿಗೆ 2020ರ ಫೆಬ್ರವರಿಯಲ್ಲಿ 1462 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಬಂತು. 2022ರ ಜೂನ್ ಕೊನೆಗೆ ಹೊಸ ರೂಪದ ಬ್ರೆಝಾ ಬಂದು ಹಳೆಯದರ ತಯಾರಿಕೆ ನಿಂತಿತು. ಉದ್ದ 3995 ಮಿಲಿಮೀಟರು. ನೆಲದಿಂದ ಎತ್ತರ 198 ಮಿಲಿಮೀಟರು. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ಈ ಕಾರಿನ ಡೀಸೆಲ್ ಮಾದರಿ ನಾಲ್ಕು ನಕ್ಷತ್ರ ಗಳಿಸಿತ್ತು. ಎಂಜಿನ್ನಿನೊಳಗೆ ರಬ್ಬರಿನ ಪಟ್ಟಿಯ ಬದಲು ಲೋಹದ ಟೈಮಿಂಗ್ ಚೈನು ಇರುವುದರಿಂದ ಇಂತಿಷ್ಟು ಕಿಲೋಮೀಟರಿಗೆ ಪಟ್ಟಿ ಬದಲಾಯಿಸಬೇಕೆಂಬ ಕಾಟವಿಲ್ಲ.

ಎಂತಹ ಕಾರು ಎಂಬುದು ನಿಶ್ಚಯವಾಯಿತು. ಆದರೆ ಮಾದರಿ ಒಳ್ಳೆಯದೆಂದ ಮಾತ್ರಕ್ಕೆ ಎದುರಿಗೆ ನಿಂತ ಕಾರು ಒಳ್ಳೆಯದಾಗುವುದಿಲ್ಲ. ಒಂದೇ ತರಗತಿಯಲ್ಲಿ, ಒಂದೇ ಪುಸ್ತಕ ಓದಿದ ಮಕ್ಕಳೆಲ್ಲ ಒಂದೇ ತರಹ ಆಗುತ್ತಾರೆಯೆ? ಬೆಳ್ಳಗಿರುವುದೆಲ್ಲ ಹಾಲಲ್ಲ.

ನನ್ನ ತಂದೆಯವರು ಎತ್ತು ಕೊಳ್ಳಲು ಜಾತ್ರೆಗೆ ಹೋಗುವಾಗ ನನ್ನನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಮಾರುವವನು ಎಷ್ಟೇ ವರ್ಣಿಸಲಿ, ಅವರು ಮೊದಲು ಎತ್ತಿನ ತುಟಿ ಸರಿಸಿ ಹಲ್ಲು ಎಣಿಸುವರು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಎತ್ತಿನ ವಯಸ್ಸು ಹಲ್ಲಿನಲ್ಲಿ ಬರೆದಿರುತ್ತದೆ, ಮಾರುವವನ ಮಾತಿನಲ್ಲಲ್ಲ ಎನ್ನುತ್ತಿದ್ದರು. ಆಮೇಲೆ ಸುಳಿ ನೋಡುವರು, ಗೊರಸು ನೋಡುವರು, ನಾಲ್ಕು ಹೆಜ್ಜೆ ನಡೆಸಿ ನೋಡುವರು. ಕೊನೆಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವರು. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದೆಂಬ ಗಾದೆಯ ಇನ್ನೊಂದು ಮುಖ ನನಗೆ ಅರ್ಥವಾದದ್ದು ಆಗ: ದುಡ್ಡು ಕೊಟ್ಟು ಕೊಳ್ಳುವುದರ ಹಲ್ಲನ್ನು ಎಣಿಸಲೇಬೇಕು.

ಕಾರಿನ ಹಲ್ಲು ಎಣಿಸಲು ನನಗೆ ಜೊತೆಯಾದವನು ಇನ್ನೊಬ್ಬ ಹಳೆಯ ವಿದ್ಯಾರ್ಥಿ. ಹಿಂದಿನ ಬೆಂಚಿನಲ್ಲಿ ಕುಳಿತು ಬೀಜಗಣಿತವೆಂದರೆ ಬೆವರುತ್ತಿದ್ದ ಹುಡುಗ, ಈಗ ಶಿವಮೊಗ್ಗದಲ್ಲಿ ಸ್ವಂತ ಗ್ಯಾರೇಜು ಇಟ್ಟು ನಾಲ್ವರಿಗೆ ಅನ್ನ ಕೊಡುತ್ತಿದ್ದಾನೆ. ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ಅವನ ಬುದ್ಧಿಯನ್ನು ಅಳೆಯುವ ಪ್ರಶ್ನೆಪತ್ರಿಕೆ ನಮ್ಮ ಪರೀಕ್ಷಾ ಮಂಡಳಿಯ ಬಳಿ ಇರಲಿಲ್ಲ, ಅಷ್ಟೆ. ಆ ಎರಡು ದಿನ ಅವನು ಗುರು, ನಾನು ಟಿಪ್ಪಣಿ ಬರೆದುಕೊಳ್ಳುವ ಶಿಷ್ಯ.

ನಾವು ನೋಡಿದ್ದು ಎರಡು ಕಾರುಗಳು. ಎರಡೂ 2020ರವು, ಒಂದೇ ಮಾದರಿ. ಮೊದಲನೆಯದು ನಗರದ ಮಾರಾಟಗಾರನೊಬ್ಬನ ಅಂಗಳದಲ್ಲಿತ್ತು. ಕನ್ನಡಿಯಂತೆ ಹೊಳೆಯುವ ಬಣ್ಣ, ಹೊಸ ಸೀಟು ಹೊದಿಕೆ, ಓಡೋಮೀಟರಿನಲ್ಲಿ 38,420 ಕಿಲೋಮೀಟರು. ಕೇಳಿದ ಬೆಲೆ 6 ಲಕ್ಷ 90 ಸಾವಿರ. ಎರಡನೆಯದು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಮನೆಯಲ್ಲಿತ್ತು. ಎಡಬಾಗಿಲಿನಲ್ಲಿ ಗೀರು, ಮಾಸಿದ ಸೀಟು, ಓಡಿದ್ದು 71,300 ಕಿಲೋಮೀಟರು. ಕೇಳಿದ ಬೆಲೆ 6 ಲಕ್ಷ 70 ಸಾವಿರ. ಇಪ್ಪತ್ತು ಸಾವಿರ ಹೆಚ್ಚು ಕೊಟ್ಟರೆ ಅರ್ಧದಷ್ಟು ಮಾತ್ರ ಓಡಿದ ಕಾರು ಸಿಗುವಾಗ ಎರಡನೆಯದನ್ನು ನೋಡುವುದಾದರೂ ಏಕೆ ಎಂದು ಆಕೆಯ ಗಂಡ ಕೇಳಿದರು. ಸಹಜವಾದ ಪ್ರಶ್ನೆ.

ನಮ್ಮ ಮೆಕ್ಯಾನಿಕ್ ಮೊದಲ ಕಾರಿನ ಬಳಿ ಓಡೋಮೀಟರನ್ನು ಕೊನೆಗೆ ನೋಡಿದ. ಅದಕ್ಕೂ ಮೊದಲು ಬ್ರೇಕ್ ಮತ್ತು ಕ್ಲಚ್ ಪೆಡಲ್ಲುಗಳ ರಬ್ಬರನ್ನು ಬೆರಳಿನಿಂದ ಸವರಿದ. ಗೆರೆಗಳು ಸವೆದು ನುಣುಪಾಗಿದ್ದವು. ಸ್ಟಿಯರಿಂಗ್ ಚಕ್ರದ ಮೇಲ್ಭಾಗ, ಗೇರಿನ ಗುಬುಟು, ಚಾಲಕನ ಆಸನದ ಬಲ ಅಂಚು, ಎಲ್ಲವೂ ಸವೆದಿದ್ದವು. ಬಳಿಕ ಟೈರಿನ ಪಕ್ಕದ ಗೋಡೆಯಲ್ಲಿ ಅಂಡಾಕಾರದ ಗೆರೆಯೊಳಗಿನ ನಾಲ್ಕು ಅಂಕೆಗಳನ್ನು ತೋರಿಸಿದ. ಮೊದಲೆರಡು ಅಂಕೆ ತಯಾರಾದ ವಾರ, ಕೊನೆಯೆರಡು ವರ್ಷ. 2320 ಎಂದಿದ್ದರೆ 2020ರ ಇಪ್ಪತ್ತಮೂರನೆಯ ವಾರ. ಟೈರಿನ ಹಲ್ಲು ಇದೇ. ಆ ಕಾರಿನ ನಾಲ್ಕೂ ಟೈರುಗಳು 2024ರವು. "ಸಾರ್, ಮೂವತ್ತೆಂಟು ಸಾವಿರಕ್ಕೆ ನಾಲ್ಕು ಟೈರು ಒಟ್ಟಿಗೆ ಬದಲಾಯಿಸುವವರು ಕಡಿಮೆ" ಎಂದ. ಒಂದೊಂದೇ ಸುಳಿವು ಏನನ್ನೂ ಸಾಧಿಸುವುದಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ ಬೆರಳು ತೋರಿದರೆ ಸಂಶಯ ಬಲವಾಗುತ್ತದೆ.

ಡಿಕ್ಕಿ ತೆರೆದು ಹೆಚ್ಚುವರಿ ಚಕ್ರವನ್ನು ಎತ್ತಿಸಿದ. ಅದರ ಕೆಳಗಿನ ತಗಡು ಕಾರ್ಖಾನೆಯಿಂದ ಬಂದಾಗ ಸಮವಾಗಿರುತ್ತದೆ. ಇಲ್ಲಿ ಸಣ್ಣ ಅಲೆಗಳಂತೆ ಉಬ್ಬುತಗ್ಗಾಗಿತ್ತು, ಮೇಲೆ ಹೊಸ ಕಪ್ಪು ಬಣ್ಣ ಬಳಿದಿತ್ತು. ಹಿಂದಿನಿಂದ ಯಾವುದೋ ವಾಹನ ಬಲವಾಗಿ ಗುದ್ದಿ, ಟಿಂಕರಿಂಗ್ ಆದ ಗುರುತು. ಮರುದಿನ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ನೋಂದಣಿ ಸಂಖ್ಯೆ ಕೊಟ್ಟು ಹಳೆಯ ದಾಖಲೆ ವಿಚಾರಿಸಿದಾಗ ಉಳಿದ ಸಂಶಯವೂ ನೀಗಿತು. 2023ರ ಮಾರ್ಚಿಯಲ್ಲೇ ಆ ಕಾರು 64,000 ಕಿಲೋಮೀಟರ್ ದಾಟಿತ್ತು. ವರ್ಷ ಕಳೆದಂತೆ ಎತ್ತಿನ ಹಲ್ಲು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮಾರಾಟಗಾರನೊಡನೆ ವಾದಿಸಲು ಹೋಗಲಿಲ್ಲ. ಬೇಡವೆಂದು ಹೇಳಿ ಹೊರಟೆವು. ಎಲ್ಲ ಮಾರಾಟಗಾರರೂ ಹೀಗೆಂದು ನಾನು ಹೇಳುವುದಿಲ್ಲ. ಪರೀಕ್ಷಿಸಿ, ಖಾತರಿ ಬರೆದುಕೊಟ್ಟು, ಅದನ್ನು ನಡೆಸಿಕೊಡುವವರೂ ಇದ್ದಾರೆ. ಆದರೆ ಖಾತರಿಯ ಕಾಗದದಲ್ಲಿ ಯಾವ ಭಾಗಗಳು ಸೇರಿವೆ, ಯಾವುವು ಸೇರಿಲ್ಲ ಎಂಬುದನ್ನು ಓದುವ ತಾಳ್ಮೆ ಕೊಳ್ಳುವವರಿಗಿರಬೇಕು.

ಎರಡನೆಯ ಕಾರನ್ನು ಬೆಳಗ್ಗೆ ಏಳಕ್ಕೆ, ಎಂಜಿನ್ ತಣ್ಣಗಿರುವಾಗಲೇ ನೋಡಬೇಕೆಂದು ಮೊದಲೇ ತಿಳಿಸಿದ್ದೆವು. ಬಿಸಿಯಾದ ಎಂಜಿನ್ ತನ್ನ ದೋಷಗಳನ್ನು ಮುಚ್ಚಿಡುತ್ತದೆ. ತಣ್ಣಗಿನದು ಮೊದಲ ನಿಮಿಷದಲ್ಲಿಯೇ ಬಿಟ್ಟುಕೊಡುತ್ತದೆ. ಚಳಿಯ ಮುಂಜಾನೆ ಸೈಲೆನ್ಸರಿನಿಂದ ತೆಳು ಬಿಳಿ ಆವಿ ಬಂದು ಮಾಯವಾದರೆ ಚಿಂತೆಯಿಲ್ಲ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕೂಲೆಂಟ್ ಎಂಜಿನ್ನಿನೊಳಗೆ ಸೇರುತ್ತಿರಬಹುದು. ನೀಲಿಯಾದರೆ ಎಣ್ಣೆ ಸುಡುತ್ತಿದೆ. ಕಪ್ಪಾದರೆ ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ. ಎಣ್ಣೆ ಹಾಕುವ ಬಾಯಿಯ ಮುಚ್ಚಳದ ಒಳಮೈಯಲ್ಲಿ ಕೆನೆಯಂತಹ ಪದಾರ್ಥ ಕಟ್ಟಿದ್ದರೆ ಎಣ್ಣೆಯಲ್ಲಿ ನೀರು ಬೆರೆತಿರುವ ಸಂಭವವುಂಟು. ಸೀಟುಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು. ನೆರೆನೀರಿನಲ್ಲಿ ಮುಳುಗಿದ ಕಾರಾದರೆ ಬೆಲ್ಟಿನ ತುದಿಯಲ್ಲಿ ಕೆಸರಿನ ಕಲೆ, ಸೀಟಿನ ಕೆಳಗಿನ ಕಂಬಿಗಳಲ್ಲಿ ತುಕ್ಕು ಇರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ಅಂತಹ ಕಾರುಗಳು ಎಲ್ಲಿ ಹೋದವು ಎಂಬುದನ್ನು ಕೊಳ್ಳುವವರು ಕೇಳಿಕೊಳ್ಳಬೇಕು.

ಸಕ್ರೆಬೈಲಿನವರೆಗೆ ಹೋಗಿ ಬಂದೆವು. ಕೈಬ್ರೇಕ್ ಹಾಕಿ, ಮೂರನೆಯ ಗೇರಿನಲ್ಲಿ ನಿಧಾನವಾಗಿ ಕ್ಲಚ್ ಬಿಟ್ಟಾಗ ಎಂಜಿನ್ ತಟ್ಟನೆ ನಿಂತಿತು. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥವಂತೆ. ನೇರ ರಸ್ತೆಯಲ್ಲಿ ಸ್ಟಿಯರಿಂಗನ್ನು ಸಡಿಲ ಬಿಟ್ಟು ಬ್ರೇಕ್ ಒತ್ತಿದಾಗ ಕಾರು ಯಾವ ಬದಿಗೂ ವಾಲಲಿಲ್ಲ. ರೋಡ್ ಹಂಪಿನ ಮೇಲೆ ಮುಂದಿನ ಎಡಚಕ್ರದಲ್ಲಿ ಸಣ್ಣ ಕಟಕಟ ಸದ್ದು ಬಂತು. ರಬ್ಬರ್ ಬುಷ್ ಸವೆದಿದೆ, ಸಾಧಾರಣ ಖರ್ಚು ಎಂದ. ಡ್ಯಾಶ್‌ಬೋರ್ಡಿನ ಕೆಳಗೆ ಸಣ್ಣ ಯಂತ್ರವೊಂದನ್ನು ಸಿಕ್ಕಿಸಿ, ಕಾರಿನ ಗಣಕ ದಾಖಲಿಸಿಟ್ಟಿರಬಹುದಾದ ದೋಷಗಳನ್ನು ಓದಿದ. ದೋಷಗಳಿರಲಿಲ್ಲ. ಹಿಂದಿನ ದಿನವೇ ದೋಷಗಳನ್ನು ಅಳಿಸಿ ತಂದಿದ್ದರೆ ಅದೂ ಆ ಯಂತ್ರದಲ್ಲಿ ತಿಳಿಯುತ್ತದೆ, ಏಕೆಂದರೆ ಅಳಿಸಿದ ಮೇಲೆ ಕಾರಿನ ಸ್ವಪರೀಕ್ಷೆಗಳು ಪೂರ್ತಿಯಾಗಲು ಕೆಲವು ಓಟಗಳು ಬೇಕು.

ಅದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿಗೆ ಹಿಡಿಸಿದ್ದು ಆ ಹಿರಿಯರು ತಂದಿಟ್ಟ ಕಡತ. ಮೊದಲ ಸರ್ವಿಸಿನಿಂದ ಹಿಡಿದು ಕೊನೆಯದರವರೆಗೆ ಎಲ್ಲ ರಸೀದಿಗಳೂ ತಾರೀಖಿನ ಪ್ರಕಾರ ಜೋಡಿಸಿದ್ದವು. "ಅರವತ್ತೆರಡು ಸಾವಿರಕ್ಕೆ ಕ್ಲಚ್ ಬದಲಾಯಿಸಿದ್ದೇನೆ. ಈ ಗೀರು ನಮ್ಮ ಗೇಟಿಗೆ ತಾಗಿ ಆದದ್ದು. ಟೈರು ಇನ್ನು ಆರು ತಿಂಗಳು ಬಂದರೆ ಹೆಚ್ಚು. ನನ್ನ ಕಣ್ಣಿಗೆ ರಾತ್ರಿ ಹೊತ್ತು ಎದುರಿನ ಬೆಳಕು ತಡೆಯುವುದಿಲ್ಲ, ಅದಕ್ಕಾಗಿ ಮಾರುತ್ತಿದ್ದೇನೆ" ಎಂದು ನಾವು ಕೇಳುವ ಮೊದಲೇ ಹೇಳಿದರು.

ಇಲ್ಲಿ ಒಂದು ಅರ್ಥಶಾಸ್ತ್ರದ ಮಾತು. ಅಮೆರಿಕದ ಜಾರ್ಜ್ ಅಕರ್ಲಾಫ್ ಎಂಬ ವಿದ್ವಾಂಸರು 1970ರಲ್ಲಿ ಬಳಸಿದ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಕೆಟ್ಟ ಕಾರನ್ನು ಆ ದೇಶದಲ್ಲಿ ಆಡುಮಾತಿನಲ್ಲಿ ನಿಂಬೆಹಣ್ಣು ಎನ್ನುತ್ತಾರೆ. ಅವರ ವಾದದ ತಿರುಳಿಷ್ಟು: ಕಾರಿನ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಒಳ್ಳೆಯದು ಕೆಟ್ಟದು ಎರಡನ್ನೂ ಸರಾಸರಿ ಮಾಡಿ ನಡುವಿನ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ. ಉಳಿದವು ಹೆಚ್ಚಾಗಿ ಕೆಟ್ಟವೇ ಆಗುತ್ತವೆ; ಬೆಲೆ ಮತ್ತೂ ಇಳಿಯುತ್ತದೆ; ಇನ್ನಷ್ಟು ಒಳ್ಳೆಯವು ಹೊರಟುಹೋಗುತ್ತವೆ. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಈ ಸುಳಿಯಿಂದ ಮಾರುಕಟ್ಟೆಯನ್ನು ಮೇಲೆತ್ತುವುದು ಇಂತಹ ಕಡತ ಮಾತ್ರ. ಓಡೋಮೀಟರಿನ ಸಂಖ್ಯೆ ಒಂದು ಹೇಳಿಕೆ. ರಸೀದಿ ಒಂದು ಸಾಕ್ಷ್ಯ.

ಹಾಗಾದರೆ ವಿಶ್ವಾಸಾರ್ಹತೆ ಎಂದರೇನು? ಅದಕ್ಕೆ ಆಕೆಯ ಅಂಗಳದಲ್ಲಿಯೇ ಕುಳಿತು ನಾವು ಒಂದು ಲೆಕ್ಕ ಮಾಡಿದೆವು. ನೂರು ಪ್ರಯಾಣಗಳಲ್ಲಿ ತೊಂಬತ್ತೊಂಬತ್ತರಲ್ಲಿ ಕೈಕೊಡದ ಕಾರು ಎಂದರೆ ಒಳ್ಳೆಯದೆಂದೇ ಎಲ್ಲರೂ ಹೇಳುವರು. ಆಕೆಯ ತಾಯಿಗೆ ವರ್ಷಕ್ಕೆ 104 ಪ್ರಯಾಣ. 0.99ನ್ನು ಅದರಿಂದಲೇ 104 ಸಲ ಗುಣಿಸುತ್ತ ಹೋದರೆ ಸುಮಾರು 0.35 ಬರುತ್ತದೆ. ಅಂದರೆ ಒಂದು ವರ್ಷ ಎಲ್ಲಿಯೂ ನಿಲ್ಲದೆ ಓಡುವ ಸಂಭವ ನೂರಕ್ಕೆ ಮೂವತ್ತೈದು ಮಾತ್ರ. ಕಚೇರಿಗೆ ಹೋಗುವವನಿಗೆ ಒಂದು ದಿನ ಕಾರು ನಿಂತರೆ ಒಂದು ರಜೆ. ಡಯಾಲಿಸಿಸ್ ತಪ್ಪಿದ ರೋಗಿಗೆ ಶರೀರದಲ್ಲಿ ನೀರು ತುಂಬಿ ಉಸಿರುಗಟ್ಟುವ ಅಪಾಯ. ಆದ್ದರಿಂದ ಬೆಲೆಯಲ್ಲಿ ಇಪ್ಪತ್ತು ಸಾವಿರ ಹೆಚ್ಚುಕಡಿಮೆಯಾಗುವುದಕ್ಕಿಂತ, ಬ್ಯಾಟರಿ, ಬೆಲ್ಟು, ನೀರಿನ ಕೊಳವೆ, ಟೈರು, ಬ್ರೇಕು ಇಷ್ಟನ್ನು ಕೆಡುವ ಮೊದಲೇ ಬದಲಾಯಿಸಲು ಹಣವನ್ನು ಬದಿಗಿಡುವುದು ಮುಖ್ಯವೆಂದು ನಿಶ್ಚಯಿಸಿದೆವು. ಕೊಳ್ಳುವ ದಿನವೇ ಬಾಡಿಗೆ ಕಾರಿನವನ ಫೋನ್ ಸಂಖ್ಯೆಯನ್ನು ಅಳಿಸಬೇಡಿರೆಂದೂ ಹೇಳಿದೆ.

ಈಚಿನ ಪೆಟ್ರೋಲಿನ ವಿಚಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದ ಸಾಮಾನ್ಯ ಪೆಟ್ರೋಲಾಯಿತು. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಐದನೆಯ ಒಂದು ಪಾಲು ಬೆರೆತಾಗ ಲೀಟರಿನ ಶಕ್ತಿ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಆರೇಳರಷ್ಟು ತಗ್ಗುವುದು ಸರಳ ಗಣಿತ. 2023ಕ್ಕೆ ಹಿಂದಿನ ಕಾರುಗಳಲ್ಲಿ ಹೆಚ್ಚಿನವನ್ನು ಶೇಕಡಾ 20ರ ಮಿಶ್ರಣಕ್ಕೆಂದು ರೂಪಿಸಿರಲಿಲ್ಲ. ಆದುದರಿಂದ ಪೆಟ್ರೋಲ್ ಸಾಗುವ ರಬ್ಬರ್ ಕೊಳವೆಗಳನ್ನೂ ಸೀಲುಗಳನ್ನೂ ಸರ್ವಿಸಿನಲ್ಲಿ ತಪ್ಪದೆ ನೋಡಿಸಬೇಕು. ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು. ಮಳೆಗಾಲದಲ್ಲಿ ಕಾರನ್ನು ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವುದು ಒಳ್ಳೆಯದಲ್ಲ. ಲೀಟರಿಗೆ ಹದಿನೈದು ಕಿಲೋಮೀಟರಿನಂತೆ, ವರ್ಷದ 12,480 ಕಿಲೋಮೀಟರಿಗೆ 832 ಲೀಟರು. ಲೀಟರಿಗೆ 103 ರೂಪಾಯಿಯಂತೆ ಹಿಡಿದರೆ 85,696 ರೂಪಾಯಿ. ವಿಮೆ, ಸರ್ವಿಸು, ಟೈರಿನ ಸವಕಳಿ ಸೇರಿದರೂ ಬಾಡಿಗೆಯ ಎರಡು ಲಕ್ಷ ಇಪ್ಪತ್ತೆಂಟು ಸಾವಿರಕ್ಕಿಂತ ಬಹಳ ಕೆಳಗೆ ನಿಲ್ಲುತ್ತದೆ.

ಇನ್ನು ಬೆಲೆ. ವಿಮೆಯವರ ಹಳೆಯ ಪಟ್ಟಿಯೊಂದಿದೆ. ಅದರಂತೆ ಒಂದು ವರ್ಷದೊಳಗಿನ ಕಾರಿಗೆ ಶೇಕಡಾ 15, ಎರಡು ವರ್ಷದೊಳಗೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಕಳೆಯುತ್ತಾರೆ. ಐದು ದಾಟಿದ ಮೇಲೆ ಪರಸ್ಪರ ಒಪ್ಪಿಗೆಯ ಬೆಲೆ. ಮಾರುಕಟ್ಟೆ ಈ ಪಟ್ಟಿಯನ್ನು ಓದಿಕೊಂಡು ನಡೆಯುವುದಿಲ್ಲ. ಹೊಸ ಕಾರಿನ ಬೆಲೆಯೇ ಹಳೆಯದಕ್ಕೆ ಚಾವಣಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆ ಶೇಕಡಾ 29ರಿಂದ 18ಕ್ಕೆ ಇಳಿಯಿತು. 129 ಇದ್ದದ್ದು 118 ಆಯಿತು. ಅಂದರೆ ನೂರಕ್ಕೆ ಎಂಟೂವರೆಯಷ್ಟು ಇಳಿಕೆ. ಬ್ರೆಝಾದಂತೆ 1200 ಸಿಸಿ ಮೀರಿದ ಪೆಟ್ರೋಲ್ ಎಂಜಿನ್ನಿನ ಕಾರಿಗೆ 45ರಿಂದ 40ಕ್ಕೆ ಇಳಿದು, ಬೆಲೆ ಸುಮಾರು ಮೂರೂವರೆಯಷ್ಟು ಮಾತ್ರ ತಗ್ಗಿತು. ಚಾವಣಿ ಕೆಳಗಿಳಿದ ಮೇಲೆ ಅದರಡಿ ನಿಂತವರೂ ತಲೆ ಬಗ್ಗಿಸಬೇಕು. ಅದಕ್ಕೂ ಹಿಂದಿನ ಬೆಲೆಗಳನ್ನು ತೋರಿಸಿ ಯಾರಾದರೂ ಮಾರಲು ಬಂದರೆ ಈ ಲೆಕ್ಕವನ್ನು ಅವರ ಮುಂದಿಡಿ.

ನಮ್ಮ ಲೆಕ್ಕ ಹೀಗಿತ್ತು. ಟೈರುಗಳಿಗೆ 28,000, ಬ್ಯಾಟರಿಗೆ 6,000, ಬ್ರೇಕ್ ಪ್ಯಾಡು, ಬುಷ್ಷಿಗೆ 4,000, ವಿಮೆ, ವರ್ಗಾವಣೆಗೆ 18,000. ಒಟ್ಟು 56,000. ಕೇಳಿದ ಬೆಲೆಗೆ ಸೇರಿಸಿದರೆ 7 ಲಕ್ಷ 26 ಸಾವಿರ. ಕೈಯಲ್ಲಿದ್ದುದು ಏಳು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಆಕೆಯ ಗಂಡ ಗೀರು, ಕ್ಲಚ್ಚು, ಟೈರು, ಬುಷ್ಷು ಎಲ್ಲವನ್ನೂ ಪಟ್ಟಿ ಮಾಡಿ, ಒಂದೊಂದಕ್ಕೂ ಹತ್ತು ಸಾವಿರದಂತೆ ಕಡಿಮೆ ಕೇಳೋಣ ಎಂದರು. ನಾನು ಒಪ್ಪಲಿಲ್ಲ. ಬದಲಾಯಿಸಿದ ಕ್ಲಚ್ಚು ದೋಷವಲ್ಲ, ನಮಗೆ ಉಳಿತಾಯ. ಗೀರನ್ನು ಅವರೇ ತೋರಿಸಿದ್ದಾರೆ. ಅದರಿಂದ ಓಟಕ್ಕೇನೂ ಕುಂದಿಲ್ಲ. ಸತ್ಯ ಹೇಳಿದ್ದಕ್ಕೆಲ್ಲ ದಂಡ ವಿಧಿಸುತ್ತ ಹೋದರೆ, ಮುಂದಿನ ಸಲ ಮಾರುವಾಗ ಅವರು ಸುಮ್ಮನಿರುವುದನ್ನು ಕಲಿಯುತ್ತಾರೆ. ಅದನ್ನು ಕಲಿಸಿದವರು ನಾವಾಗುತ್ತೇವೆ. ಟೈರಿನ ಖರ್ಚು ಮಾತ್ರ ನ್ಯಾಯವಾಗಿ ಕೇಳಬಹುದಾದದ್ದು, ಅದನ್ನೇ ಕೇಳೋಣ ಎಂದೆ.

ಆಗ ಆಕೆ ಒಂದು ಮಾತು ಹೇಳಿದಳು: "ಅಮ್ಮನ ಕಾಯಿಲೆಯ ವಿಷಯ ಅವರ ಮುಂದೆ ಎತ್ತುವುದು ಬೇಡ ಸರ್. ಕಾರಿಗೆಷ್ಟು ಬೆಲೆಯೋ ಅಷ್ಟನ್ನು ಕೊಡೋಣ. ಕನಿಕರಕ್ಕೆ ಕಡಿಮೆ ಮಾಡಿದರೆ ಆ ಕಾರಿನಲ್ಲಿ ಕುಳಿತಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ." ನಾನು ಮರು ಮಾತಾಡಲಿಲ್ಲ. ಟೈರಿನ ಬೆಲೆಯ ಚೀಟಿಯನ್ನು ಆ ಹಿರಿಯರ ಮುಂದಿಟ್ಟೆವು. ಅವರು ಕನ್ನಡಕ ಏರಿಸಿ ಓದಿ, "ಮೂರು ಸಾವಿರದಷ್ಟು ಓಟ ಟೈರಿನಲ್ಲಿ ಇನ್ನೂ ಉಳಿದಿದೆ. ಇಪ್ಪತ್ತೈದು ಕಳೆಯುತ್ತೇನೆ" ಎಂದರು. 6 ಲಕ್ಷ 45 ಸಾವಿರಕ್ಕೆ ಮಾತು ಮುಗಿಯಿತು. ಎಲ್ಲ ಸೇರಿ 7 ಲಕ್ಷ 1 ಸಾವಿರ. ಟವೆಲಿನ ಮರೆ ಬೇಕಾಗಲಿಲ್ಲ.

ಕಾಗದಪತ್ರಗಳ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಆರ್.ಸಿ.ಯಲ್ಲಿನ ಎಂಜಿನ್, ಷಾಸಿ ಸಂಖ್ಯೆಗಳನ್ನು ಕಾರಿನ ಮೇಲಿನವುಗಳೊಡನೆ ಕಣ್ಣಾರೆ ಹೋಲಿಸಿ. ಬ್ಯಾಂಕ್ ಸಾಲವಿದ್ದಿದ್ದರೆ ತೀರಿದ್ದಕ್ಕೆ ನಮೂನೆ 35 ಮತ್ತು ಬ್ಯಾಂಕಿನ ಪತ್ರ ಬೇಕು. ವರ್ಗಾವಣೆಗೆ ನಮೂನೆ 29 ಮತ್ತು 30. ಬಾಕಿ ಉಳಿದ ಸಂಚಾರ ದಂಡಗಳನ್ನು ಮೊದಲೇ ತೀರಿಸಲು ಹೇಳಿ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯನ್ನು ಮೊದಲ ನೋಂದಣಿಯಲ್ಲಿಯೇ ಕಟ್ಟಿರುವುದರಿಂದ ನಮ್ಮ ರಾಜ್ಯದ ಕಾರಿಗೆ ಎರಡನೆಯವರು ಅದನ್ನು ಮತ್ತೆ ಕಟ್ಟಬೇಕಿಲ್ಲ. ಹೊರರಾಜ್ಯದ ಅಗ್ಗದ ಕಾರು ತಂದರೆ ಅಗ್ಗವೆಲ್ಲ ಇಲ್ಲಿನ ತೆರಿಗೆಗೆ ಹೋಗುತ್ತದೆ. ನೋಂದಣಿಯ ಅವಧಿ ಹದಿನೈದು ವರ್ಷ. 2020ರ ಕಾರಿಗೆ 2035ರವರೆಗೆ. ವಿಮೆಯನ್ನು ಹದಿನಾಲ್ಕು ದಿನಗಳೊಳಗೆ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಿ. ಅಪಘಾತವಿಲ್ಲದ ವರ್ಷಗಳಿಗೆ ವಿಮೆಯವರು ಕೊಡುವ ರಿಯಾಯಿತಿ ಕಾರಿಗಲ್ಲ, ಹಳೆಯ ಮಾಲೀಕರಿಗೆ ಸೇರಿದ್ದು. ಅದು ನಿಮಗೆ ಬರುವುದಿಲ್ಲ.

ಕಾರು ಬಂದು ಈಗ ಐದು ತಿಂಗಳು. ಟೈರು, ಬ್ಯಾಟರಿ ಬದಲಾದವು. ಒಂದು ಸಲವೂ ದಾರಿಯಲ್ಲಿ ನಿಲ್ಲಲಿಲ್ಲ ಎಂದು ಮೊನ್ನೆ ಫೋನಿನಲ್ಲಿ ತಿಳಿಸಿದಳು. ತಾಯಿ ಮುಂದಿನ ಆಸನವನ್ನು ಒರಗಿಸಿಕೊಂಡು ಮಂಡಗದ್ದೆ ಬರುವಷ್ಟರಲ್ಲಿ ನಿದ್ದೆಹೋಗುತ್ತಾರಂತೆ. ಐದು ತಿಂಗಳು ದೀರ್ಘಕಾಲವಲ್ಲ, 0.35ರ ಲೆಕ್ಕ ಆಕೆಗೂ ನೆನಪಿದೆ. ಆಕೆ ಕಾರಿನೊಂದಿಗೆ ಬಂದ ಆ ಕಡತದಲ್ಲಿ ತನ್ನ ರಸೀದಿಗಳನ್ನೂ ಸೇರಿಸತೊಡಗಿದ್ದಾಳೆ.

ಕೊಳ್ಳುವವರಿಗೆ ಇಷ್ಟೆಲ್ಲ ಹೇಳಿದ ಮೇಲೆ ಮಾರುವವರಿಗೂ ಎರಡು ಮಾತು. ನಿಮ್ಮಲ್ಲಿ ಅನೇಕರು ಹೊಸ ಕಾರು ಕೊಂಡು ಹಳೆಯದನ್ನು ಮಾರುವವರು. ಮಾರಿದ ಮೇಲೆ ಆರ್.ಟಿ.ಓ. ಕಚೇರಿಯಲ್ಲಿ ಹೆಸರು ಬದಲಾಯಿತೋ ಇಲ್ಲವೋ ಎಂದು ನೀವೇ ನೋಡಿಕೊಳ್ಳಿ. ದಾಖಲೆಯಲ್ಲಿ ಹೆಸರಿರುವವರೆಗೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ. ಎರಡನೆಯದು, ಸರ್ವಿಸಿನ ರಸೀದಿಗಳನ್ನು ಮೊದಲ ದಿನದಿಂದಲೇ ಒಂದು ಕಡತದಲ್ಲಿ ಹಾಕಿಡಿ, ಕೊಳ್ಳಲು ಬಂದವರಿಗೆ ಕಾರಿನ ಕುಂದುಗಳನ್ನು ನೀವಾಗಿಯೇ ಹೇಳಿ. ಆ ಕಾರಿನಲ್ಲಿ ನಾಳೆ ಯಾರು, ಯಾವ ಆಸ್ಪತ್ರೆಗೆ, ಎಷ್ಟು ಅವಸರದಲ್ಲಿ ಹೋಗಬೇಕಾಗಿದೆಯೋ ನಿಮಗೆ ಅವರು ಹೇಳದೆ ಇರಬಹುದು.